ಕೆನಡಾದ ಪ್ರಾಂತೀಯ ಚುನಾವಣೆಯ ಫಲಿತಾಂಶವನ್ನು ಕಾಸರಗೋಡಿನಲ್ಲಿ ಕುಳಿತು ಓದುವ ಬಗೆ

2024ರ ಅಕ್ಟೋಬರ್ 20ರ ಭಾನುವಾರ ಬೆಳಗ್ಗೆ ನೀರ್ಚಾಲಿನ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ, ಬ್ರಿಟಿಷ್ ಕೊಲಂಬಿಯಾದ ಸರ್ರೆ ನಗರದಲ್ಲಿರುವ ಅಕ್ಕನ ಮಗಳಿಗೆ ಫೋನ್ ಮಾಡಿ, ನಿಮ್ಮಲ್ಲಿ ಯಾರು ಗೆದ್ದರು ಎಂದು ಕೇಳಿದೆ. "ಮಾವಾ, ಎಣಿಕೆ ಮುಗಿದಿಲ್ಲ, ಇನ್ನೊಂದು ವಾರ ಕಾಯಬೇಕು" ಎಂದಳು. ಅವಳ ಮಾತು ಅಕ್ಷರಶಃ ನಿಜವಾಯಿತು. ಆ ಒಂದು ವಾರದಲ್ಲಿ ನಾನು ಕಲಿತದ್ದನ್ನೂ ಅನಂತರ ಬೇರೆ ಪ್ರಾಂತ್ಯಗಳ ಫಲಿತಾಂಶಗಳನ್ನು ಗಮನಿಸುತ್ತ ತಿಳಿದುಕೊಂಡದ್ದನ್ನೂ, ಮಕ್ಕಳು ಕೆನಡಾದಲ್ಲಿರುವ ನಮ್ಮ ಕಡೆಯ ಮನೆಯವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುವುದಾದರೆ, ಪ್ರಾಂತ್ಯದ ಒಟ್ಟು ಮೊತ್ತದಿಂದ ಓದಲು ತೊಡಗಬೇಡಿ; ಒಂದೊಂದು ಕ್ಷೇತ್ರದಿಂದ ತೊಡಗಿ.

ಮೊದಲಿಗೆ, ಯಾವ ಚುನಾವಣೆ ಎಂಬುದನ್ನು ಖಚಿತಪಡಿಸಿಕೊಳ್ಳಿ

ಕೆನಡಾದಲ್ಲಿ 10 ಪ್ರಾಂತ್ಯಗಳೂ 3 ಟೆರಿಟರಿಗಳೂ ಇವೆ. ಪ್ರಾಂತ್ಯವೆಂದರೆ ನಮ್ಮ ರಾಜ್ಯದಂತೆ. ಅದಕ್ಕೆ ತನ್ನದೇ ಶಾಸನಸಭೆ, ಮುಖ್ಯಮಂತ್ರಿಯ ಸ್ಥಾನದಲ್ಲಿ ಪ್ರೀಮಿಯರ್, ರಾಜ್ಯಪಾಲರ ಸ್ಥಾನದಲ್ಲಿ ಲೆಫ್ಟಿನೆಂಟ್ ಗವರ್ನರ್ ಇರುತ್ತಾರೆ. ಕೇರಳದಲ್ಲಿರುವಂತೆ ಅಲ್ಲಿಯೂ ಎಲ್ಲ ಪ್ರಾಂತ್ಯಗಳಿಗೆ ಒಂದೇ ಸದನ. ಮೇಲ್ಮನೆಯನ್ನು ಕೊನೆಯವರೆಗೆ ಉಳಿಸಿಕೊಂಡಿದ್ದ ಕ್ವಿಬೆಕ್ ಕೂಡ 1968ರಲ್ಲಿ ಅದನ್ನು ರದ್ದುಮಾಡಿತು. ಸದಸ್ಯರನ್ನು ಹೆಚ್ಚಿನ ಪ್ರಾಂತ್ಯಗಳಲ್ಲಿ ಎಂಎಲ್‌ಎ ಎಂದೇ ಕರೆಯುತ್ತಾರೆ, ಆದರೆ ಒಂಟಾರಿಯೋದಲ್ಲಿ ಎಂಪಿಪಿ, ಕ್ವಿಬೆಕ್‌ನಲ್ಲಿ ಎಂಎನ್‌ಎ ಎಂಬ ಹೆಸರುಗಳಿವೆ. ಕ್ಷೇತ್ರಕ್ಕೆ ಅಲ್ಲಿನ ಆಡುಮಾತಿನಲ್ಲಿ ರೈಡಿಂಗ್ ಎನ್ನುತ್ತಾರೆ. ಈ ಒಂದು ಪದ ಗೊತ್ತಿದ್ದರೆ ಫಲಿತಾಂಶದ ಅರ್ಧ ಸುದ್ದಿ ಅರ್ಥವಾಗುತ್ತದೆ.

ನಮ್ಮಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಂದೇ ಚುನಾವಣಾ ಆಯೋಗ ಮತದಾನ ನಡೆಸುತ್ತದೆ. ಕೆನಡಾದಲ್ಲಿ ಸಂಸತ್ತಿನ ಚುನಾವಣೆಯನ್ನು ಎಲೆಕ್ಷನ್ಸ್ ಕೆನಡಾ ನಡೆಸಿದರೆ, ಪ್ರಾಂತ್ಯದ ಚುನಾವಣೆಯನ್ನು ಆಯಾ ಪ್ರಾಂತ್ಯದ ಸ್ವತಂತ್ರ ಸಂಸ್ಥೆ, ಅಂದರೆ ಎಲೆಕ್ಷನ್ಸ್ ಬಿಸಿ (ಬಿಸಿ ಎಂದರೆ ಬ್ರಿಟಿಷ್ ಕೊಲಂಬಿಯಾದ ಹ್ರಸ್ವರೂಪ), ಎಲೆಕ್ಷನ್ಸ್ ಒಂಟಾರಿಯೋ, ಎಲೆಕ್ಷನ್ಸ್ ಆಲ್ಬರ್ಟಾ ಮುಂತಾದವು ನಡೆಸುತ್ತವೆ. ಅಧಿಕೃತ ಅಂಕಿಗಳಿಗಾಗಿ ಆ ಸಂಸ್ಥೆಯ ಜಾಲತಾಣವನ್ನೇ ತೆರೆಯಬೇಕು. ತುಮಕೂರು ಜಿಲ್ಲೆಯ ಮೂಲದ, ಆಗ ಕೆನಡಾದ ಸಂಸದರಾಗಿದ್ದ ಚಂದ್ರ ಆರ್ಯ ಅವರು 2022ರ ಮೇ ತಿಂಗಳಲ್ಲಿ ಕನ್ನಡದಲ್ಲಿ ಮಾತನಾಡಿದ್ದು ನಮಗೆಲ್ಲ ನೆನಪಿದೆ. ಅದು ಒಟ್ಟಾವದ ಫೆಡರಲ್ ಸಂಸತ್ತಿನ ಹೌಸ್ ಆಫ್ ಕಾಮನ್ಸ್‌ನಲ್ಲಿ, ಯಾವುದೇ ಪ್ರಾಂತ್ಯದ ಸಭೆಯಲ್ಲಲ್ಲ. ಈ ಎರಡನ್ನು ಬೆರೆಸಿಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ.

ನಮ್ಮ ಮಕ್ಕಳ ಬದುಕಿಗೆ ಪ್ರಾಂತ್ಯದ ಫಲಿತಾಂಶ ಏಕೆ ಮುಖ್ಯವೆಂದು ಕೇಳುವವರಿದ್ದಾರೆ. ಆಸ್ಪತ್ರೆ, ಶಾಲೆ, ಕಾಲೇಜು, ಕನಿಷ್ಠ ವೇತನ, ಮನೆ ಬಾಡಿಗೆಯ ಕಾನೂನು ಇವೆಲ್ಲ ಬಹುಮಟ್ಟಿಗೆ ಪ್ರಾಂತ್ಯದ ಕೈಯಲ್ಲಿವೆ. ವೀಸಾ ಹಾಗೂ ಪೌರತ್ವ ಫೆಡರಲ್ ಸರ್ಕಾರದವು, ಆದರೂ ಪ್ರಾಂತ್ಯ ತನಗೆ ಬೇಕಾದ ಕೆಲಸಗಾರರನ್ನು ಕಾಯಂ ನಿವಾಸಕ್ಕೆ ಶಿಫಾರಸು ಮಾಡುವ ಯೋಜನೆಗಳಿವೆ; 2024ರ ಜನವರಿಯಿಂದ ಹೆಚ್ಚಿನ ವಿದ್ಯಾರ್ಥಿಗಳು ಸ್ಟಡಿ ಪರ್ಮಿಟ್ ಅರ್ಜಿಯ ಜೊತೆ ಪ್ರಾಂತ್ಯದ ದೃಢೀಕರಣ ಪತ್ರವನ್ನೂ ಕೊಡಬೇಕಾಗಿದೆ. ಹೀಗಿದ್ದರೂ ನಮ್ಮ ಮಕ್ಕಳಲ್ಲಿ ಅನೇಕರಿಗೆ ಅಲ್ಲಿ ಮತವಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಮತ ಹಾಕಲು ಕೆನಡಾದ ಪೌರತ್ವ, 18 ವರ್ಷ ವಯಸ್ಸು ಮತ್ತು ಪ್ರಾಂತ್ಯದಲ್ಲಿ ಆರು ತಿಂಗಳ ವಾಸ ಬೇಕು. ಪಿಆರ್, ಅಂದರೆ ಕಾಯಂ ನಿವಾಸದ ಅನುಮತಿ, ದೊರೆತವರು ತೆರಿಗೆ ಕಟ್ಟುತ್ತಾರೆ, ಮತ ಹಾಕುವಂತಿಲ್ಲ. ನನ್ನ ಸೋದರ ಸೊಸೆಯೂ ಅಂಥವಳೇ; ಆದರೂ ತನ್ನ ಕ್ಷೇತ್ರದ ಅಭ್ಯರ್ಥಿಗಳ ಹೆಸರು ಅವಳಿಗೆ ಬಾಯಿಪಾಠವಾಗಿತ್ತು.

ಗಡಿಯಾರವನ್ನು ಹೊಂದಿಸಿಕೊಳ್ಳಿ

ನಮ್ಮಲ್ಲಿ ಮತದಾನಕ್ಕೂ ಎಣಿಕೆಗೂ ನಡುವೆ ವಾರಗಟ್ಟಲೆ ಅಂತರವಿರುವುದುಂಟು. 2021ರಲ್ಲಿ ಕೇರಳ ಏಪ್ರಿಲ್ 6ರಂದು ಮತ ಹಾಕಿ ಮೇ 2ರವರೆಗೆ ಕಾಯಿತು. ಕೆನಡಾದಲ್ಲಿ ಮತದಾನ ಮುಗಿದ ರಾತ್ರಿಯೇ ಎಣಿಕೆ ಆರಂಭವಾಗುತ್ತದೆ. ಅವರ ರಾತ್ರಿ ನಮಗೆ ಮರುದಿನದ ಬೆಳಗು. ಬ್ರಿಟಿಷ್ ಕೊಲಂಬಿಯಾದಲ್ಲಿ 2024ರ ಅಕ್ಟೋಬರ್ 19ರ ಶನಿವಾರ ರಾತ್ರಿ 8ಕ್ಕೆ ಮತಗಟ್ಟೆಗಳು ಮುಚ್ಚಿದಾಗ ಇಲ್ಲಿ ಭಾನುವಾರ ಬೆಳಗ್ಗೆ 8.30. ಒಂಟಾರಿಯೋದಲ್ಲಿ 2025ರ ಫೆಬ್ರವರಿ 27ರ ರಾತ್ರಿ 9ಕ್ಕೆ ಮತದಾನ ಮುಗಿದಾಗ ಇಲ್ಲಿ ಮರುದಿನ ಬೆಳಗ್ಗೆ 7.30 ಆಗಿತ್ತು. ಬೇಸಿಗೆಯಲ್ಲಿ ಅಲ್ಲಿನ ಹೆಚ್ಚಿನ ಪ್ರಾಂತ್ಯಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಇರುವುದರಿಂದ, ಚುನಾವಣೆ ಯಾವ ತಿಂಗಳಲ್ಲಿದೆ ಎಂಬುದನ್ನು ನೋಡಿಯೇ ಲೆಕ್ಕ ಹಾಕಬೇಕು.

ಬಣ್ಣ ಮತ್ತು ಹೆಸರುಗಳಿಗೆ ಮೋಸಹೋಗಬೇಡಿ

ಫಲಿತಾಂಶದ ನಕ್ಷೆಯನ್ನು ಮೊದಲ ಸಲ ನೋಡುವ ಕಾಸರಗೋಡಿನವರಿಗೆ ಕಣ್ಣು ತಪ್ಪುವುದು ಇಲ್ಲಿಯೇ. ಕೆಂಪು ಕಂಡ ಕೂಡಲೇ ನಮಗೆ ಎಡಪಕ್ಷ ನೆನಪಾಗುತ್ತದೆ, ಕಿತ್ತಳೆಯ ಹತ್ತಿರದ ಬಣ್ಣ ಕಂಡರೆ ಬಿಜೆಪಿ, ಹಸಿರು ಕಂಡರೆ ಮುಸ್ಲಿಂ ಲೀಗ್. ಕೆನಡಾದಲ್ಲಿ ಕೆಂಪು ಲಿಬರಲ್ ಪಕ್ಷದ್ದು, ನೀಲಿ ಕನ್ಸರ್ವೇಟಿವ್‌ಗಳದು, ಕಿತ್ತಳೆ ಎಡಕ್ಕೆ ಒಲಿದ ನ್ಯೂ ಡೆಮಾಕ್ರಟಿಕ್ ಪಕ್ಷ ಅಂದರೆ ಎನ್‌ಡಿಪಿಯದು, ಹಸಿರು ಪರಿಸರವಾದಿ ಗ್ರೀನ್ ಪಕ್ಷದ್ದು. ಈ ನಾಲ್ಕನ್ನು ಒಂದು ಕಾಗದದಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ.

ಹೆಸರುಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಕೇರಳದಲ್ಲಿ ಎದುರುಬದುರಾಗಿ ನಿಲ್ಲುವ ಕಾಂಗ್ರೆಸ್ ಮತ್ತು ಸಿಪಿಎಂ ದಿಲ್ಲಿಯಲ್ಲಿ ಒಂದೇ ಕೂಟದಲ್ಲಿ ಕುಳಿತುಕೊಳ್ಳುವುದನ್ನು ಕಂಡಿರುವ ನಮಗೆ, ರಾಜ್ಯದ ರಾಜಕೀಯ ಬೇರೆ ಕೇಂದ್ರದ ರಾಜಕೀಯ ಬೇರೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆನಡಾದಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದೇ ಹೆಸರಿನ ಎರಡು ಪಕ್ಷಗಳ ನಡುವೆ ಸಂಬಂಧವೇ ಇಲ್ಲದಿರಬಹುದು. ಬ್ರಿಟಿಷ್ ಕೊಲಂಬಿಯಾದ ಲಿಬರಲ್ ಪಕ್ಷ 1987ರಿಂದಲೂ ಒಟ್ಟಾವದ ಲಿಬರಲ್ ಪಕ್ಷದಿಂದ ಬೇರೆಯಾಗಿತ್ತು ಮತ್ತು ನಡೆಯಲ್ಲಿ ಬಲಕ್ಕೆ ವಾಲಿತ್ತು. 2023ರಲ್ಲಿ ಅದು ಬಿಸಿ ಯುನೈಟೆಡ್ ಎಂದು ಹೆಸರು ಬದಲಿಸಿತು, 2024ರ ಆಗಸ್ಟ್ ಕೊನೆಯಲ್ಲಿ ಪ್ರಚಾರವನ್ನೇ ನಿಲ್ಲಿಸಿ ಕನ್ಸರ್ವೇಟಿವ್‌ಗಳಿಗೆ ದಾರಿ ಬಿಟ್ಟಿತು. ಕ್ವಿಬೆಕ್‌ನ ಸಿಎಕ್ಯೂ, ಸಸ್ಕಾಚೆವಾನ್‌ನ ಸಸ್ಕಾಚೆವಾನ್ ಪಾರ್ಟಿ ಆಯಾ ಪ್ರಾಂತ್ಯಗಳಲ್ಲಿ ಮಾತ್ರ ಇರುವ ಪಕ್ಷಗಳು. ಆದ್ದರಿಂದ ಪ್ರಾಂತ್ಯದ ಫಲಿತಾಂಶದಿಂದ ದೇಶದ ಮುಂದಿನ ಪ್ರಧಾನಿ ಯಾರೆಂದು ಊಹಿಸಲು ಹೊರಡುವುದು ವ್ಯರ್ಥ ಶ್ರಮ.

ಬಹುಮತದ ಅಂಕಿಯನ್ನು ಮೊದಲು ಬರೆದಿಡಿ

ಸದನದ ಒಟ್ಟು ಸ್ಥಾನಗಳ ಅರ್ಧಕ್ಕಿಂತ ಒಂದು ಹೆಚ್ಚು ಎಂಬ ಲೆಕ್ಕ ನಮ್ಮದೇ. ಬ್ರಿಟಿಷ್ ಕೊಲಂಬಿಯಾದಲ್ಲಿ 93 ಸ್ಥಾನಗಳಿಗೆ 47, ಒಂಟಾರಿಯೋದ 124ಕ್ಕೆ 63, ಕ್ವಿಬೆಕ್‌ನ 125ಕ್ಕೂ 63, ಆಲ್ಬರ್ಟಾದ 87ಕ್ಕೆ 44. ಈ ಸಂಖ್ಯೆಗಳು ಹಿಂದಿನ ಚುನಾವಣೆಗಳವು. ಕ್ಷೇತ್ರ ಪುನರ್ವಿಂಗಡಣೆಯಾದಾಗ ಬದಲಾಗುತ್ತವೆ. ಬ್ರಿಟಿಷ್ ಕೊಲಂಬಿಯಾದಲ್ಲಿ 2020ರವರೆಗೆ 87 ಸ್ಥಾನಗಳೇ ಇದ್ದವು. ಹಾಗಾಗಿ ಕಳೆದ ಸಲಕ್ಕಿಂತ ಇಷ್ಟು ಸ್ಥಾನ ಹೆಚ್ಚಾಯಿತು, ಇಷ್ಟು ಕಡಿಮೆಯಾಯಿತು ಎಂದು ಹೋಲಿಸುವ ಮೊದಲು ಒಟ್ಟು ಸಂಖ್ಯೆ ಅಷ್ಟೇ ಇದೆಯೇ ಎಂದು ನೋಡಿಕೊಳ್ಳಬೇಕು.

ಎಣಿಕೆಯ ರಾತ್ರಿ ಸಿಬಿಸಿಯಂತಹ ವಾಹಿನಿಗಳು, ಎಲ್ಲ ಮತಗಳು ಎಣಿಕೆಯಾಗುವ ಮೊದಲೇ, ಇಂಥ ಪಕ್ಷ ಸರ್ಕಾರ ರಚಿಸಲಿದೆ ಎಂದು ತಮ್ಮ ಲೆಕ್ಕಾಚಾರದ ಮೇಲೆ ಸಾರುತ್ತವೆ. ಅಂತರ ದೊಡ್ಡದಿದ್ದಾಗ ಇದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೂ ಅದು ವಾಹಿನಿಯ ತೀರ್ಮಾನವೇ ಹೊರತು ಚುನಾವಣಾ ಸಂಸ್ಥೆಯ ಘೋಷಣೆಯಲ್ಲ. ಫೋನಿನಲ್ಲಿ ಮಕ್ಕಳು "ಗೆದ್ದಾಯಿತು" ಎಂದರೆ, ಯಾರು ಹೇಳಿದ್ದು ಎಂದು ಒಂದು ಮಾತು ಕೇಳಿ.

22 ಮತಗಳ ಕಥೆ

ಮಂಜೇಶ್ವರದವರಿಗೆ ಸಣ್ಣ ಅಂತರದ ಅರ್ಥವನ್ನು ವಿವರಿಸಬೇಕಾಗಿಲ್ಲ. 2016ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮತಗಳು ಚಲಾವಣೆಯಾದ ಕ್ಷೇತ್ರದಲ್ಲಿ ಮುಸ್ಲಿಂ ಲೀಗಿನ ಪಿ. ಬಿ. ಅಬ್ದುಲ್ ರಜಾಕ್ ಅವರು ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು 89 ಮತಗಳಿಂದ ಸೋಲಿಸಿದರು, 2021ರಲ್ಲಿ ಎ. ಕೆ. ಎಂ. ಅಶ್ರಫ್ ಅವರು ಅದೇ ಸುರೇಂದ್ರನ್ ಅವರೆದುರು 745 ಮತಗಳಿಂದ ಗೆದ್ದರು. ಆ ದಿನಗಳಲ್ಲಿ ಉಪ್ಪಳದ ಅಂಗಡಿಯ ಮುಂದೆ ನಿಂತು ಮತಗಟ್ಟೆವಾರು ಲೆಕ್ಕ ಹಾಕಿದವರು ಬ್ರಿಟಿಷ್ ಕೊಲಂಬಿಯಾದ 2024ರ ಫಲಿತಾಂಶವನ್ನು ಯಾರಿಗಿಂತಲೂ ಚೆನ್ನಾಗಿ ಓದಬಲ್ಲರು ಎಂಬುದು ನನ್ನ ದೃಢವಾದ ನಂಬಿಕೆ.

ಅಲ್ಲಿ ಮೊದಲ ರಾತ್ರಿಯ ಎಣಿಕೆಯನ್ನು ಆರಂಭಿಕ ಎಣಿಕೆ ಎಂದೇ ಕರೆಯುತ್ತಾರೆ. ಆ ರಾತ್ರಿ ಡೇವಿಡ್ ಈಬಿ ಅವರ ಎನ್‌ಡಿಪಿ 46 ಕ್ಷೇತ್ರಗಳಲ್ಲಿಯೂ ಜಾನ್ ರಸ್ಟಡ್ ಅವರ ಕನ್ಸರ್ವೇಟಿವ್ ಪಕ್ಷ 45ರಲ್ಲಿಯೂ ಗ್ರೀನ್ ಪಕ್ಷ 2ರಲ್ಲಿಯೂ ಗೆದ್ದೋ ಮುಂದಿದ್ದೋ ನಿಂತಿದ್ದವು. 47 ಯಾರಿಗೂ ಸಿಕ್ಕಿರಲಿಲ್ಲ. ಕೊನೆಗಳಿಗೆಯಲ್ಲಿ ಬಂದ ಅಂಚೆ ಮತಗಳು, ತಮ್ಮ ಕ್ಷೇತ್ರದ ಹೊರಗೆ ಮತ ಹಾಕಿದವರ ಮತಗಳು ಇನ್ನೂ ಉಳಿದಿದ್ದವು. ಅವನ್ನು ಒಂದು ವಾರದ ಬಳಿಕ, ಅಕ್ಟೋಬರ್ 26ರಿಂದ 28ರವರೆಗೆ, ಅಂತಿಮ ಎಣಿಕೆಯಲ್ಲಿ ಸೇರಿಸಿದಾಗ ಸರ್ರೆ-ಗಿಲ್ಡ್‌ಫರ್ಡ್ ಎಂಬ ಕ್ಷೇತ್ರದಲ್ಲಿ ಮೊದಲು ಹಿಂದಿದ್ದ ಎನ್‌ಡಿಪಿ ಅಭ್ಯರ್ಥಿ 27 ಮತಗಳಿಂದ ಮುಂದೆ ಬಂದರು. ಆ ಒಂದು ಕ್ಷೇತ್ರದಿಂದ ಎನ್‌ಡಿಪಿ 47ಕ್ಕೆ ಮುಟ್ಟಿತು, ಕನ್ಸರ್ವೇಟಿವ್‌ಗಳು 44ಕ್ಕೆ ನಿಂತರು. ಅಂತರವು ಚಲಾವಣೆಯಾದ ಮತಗಳ 500ರಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೆ ಅಲ್ಲಿನ ಕಾನೂನಿನಂತೆ ಚುನಾವಣಾಧಿಕಾರಿಯೇ ನ್ಯಾಯಾಲಯದ ಮರುಎಣಿಕೆಗೆ ಅರ್ಜಿ ಹಾಕಬೇಕು. ಸೋತವರು ಕೇಸು ಹಾಕಲೆಂದು ಕಾಯುವುದಿಲ್ಲ. ನವೆಂಬರಿನಲ್ಲಿ ಮರುಎಣಿಕೆ ಮುಗಿದಾಗ ಅಂತರ 22 ಮತಗಳೆಂದು ಸ್ಥಿರವಾಯಿತು. ಇಡೀ ಪ್ರಾಂತ್ಯದ ಬಹುಮತ ಈ 22 ಮತಗಳ ಮೇಲೆ ನಿಂತಿತು.

ಇದರಿಂದ ಓದುಗರು ರೂಢಿಸಿಕೊಳ್ಳಬೇಕಾದ ಕ್ರಮ ಹೀಗೆ: ಮೊದಲ ರಾತ್ರಿ, ಅಂತರ 500ಕ್ಕಿಂತ ಕಡಿಮೆಯಿರುವ ಕ್ಷೇತ್ರಗಳನ್ನೆಲ್ಲ ಬೇರೆಯಾಗಿ ಬರೆದಿಟ್ಟುಕೊಳ್ಳಿ. 500 ಎಂಬುದು ನಾನು ನನ್ನ ಅನುಕೂಲಕ್ಕೆ ಇಟ್ಟುಕೊಂಡ ಅಂಕಿ, ಕಾನೂನಿನದಲ್ಲ. ಅವನ್ನು ಯಾರ ಲೆಕ್ಕಕ್ಕೂ ಸೇರಿಸದೆ ಉಳಿದವನ್ನು ಕೂಡಿಸಿ, ಬಹುಮತದ ಅಂಕಿಯೊಂದಿಗೆ ಹೋಲಿಸಿ. ಹಾಗೆ ಕೂಡಿಸಿದ ಮೇಲೂ ಒಂದು ಪಕ್ಷ ಬಹುಮತ ದಾಟಿದ್ದರೆ ಮಾತ್ರ ಫಲಿತಾಂಶ ಬಂದಿದೆ ಎನ್ನಬಹುದು. ಅದೇ ಪ್ರಾಂತ್ಯದಲ್ಲಿ 2017ರಲ್ಲಿ ಕೋರ್ಟ್ನಿ-ಕೋಮಾಕ್ಸ್ ಎಂಬ ಕ್ಷೇತ್ರದಲ್ಲಿ ಮೊದಲ ರಾತ್ರಿ ಎನ್‌ಡಿಪಿಗೆ 9 ಮತಗಳ ಮುನ್ನಡೆಯಿತ್ತು, ಅಂತಿಮ ಎಣಿಕೆಯಲ್ಲಿ ಅದು 189ಕ್ಕೆ ಏರಿತು. ಆ ಕ್ಷೇತ್ರ ತಿರುಗಿದ್ದರೆ ಲಿಬರಲ್ ಪಕ್ಷಕ್ಕೆ 87ರಲ್ಲಿ 44 ಸಿಗುತ್ತಿತ್ತು. ತಿರುಗಲಿಲ್ಲ. ಲಿಬರಲ್ 43, ಎನ್‌ಡಿಪಿ 41, ಗ್ರೀನ್ 3.

ಅತಿ ದೊಡ್ಡ ಪಕ್ಷವೇ ಸರ್ಕಾರ ಎಂದುಕೊಳ್ಳಬೇಡಿ

2017ರ ಆ ಫಲಿತಾಂಶದ ಮುಂದಿನ ಅಧ್ಯಾಯವನ್ನು ರಾಜಭವನದ ತೀರ್ಮಾನಗಳ ಕುರಿತು ಚರ್ಚಿಸುವ ನಮ್ಮವರು ಓದಲೇಬೇಕು. ಅಧಿಕಾರದಲ್ಲಿದ್ದ ಪ್ರೀಮಿಯರ್ ಕ್ರಿಸ್ಟಿ ಕ್ಲಾರ್ಕ್ ರಾಜೀನಾಮೆ ಕೊಡದೆ ಸದನವನ್ನು ಎದುರಿಸಿದರು. ಜೂನ್ 29ರಂದು 44-42 ಮತಗಳಿಂದ ವಿಶ್ವಾಸ ಕಳೆದುಕೊಂಡರು. ಸದನ ವಿಸರ್ಜಿಸಿ ಮತ್ತೆ ಚುನಾವಣೆ ನಡೆಸಬೇಕೆಂಬ ಅವರ ಕೋರಿಕೆಯನ್ನು ಲೆಫ್ಟಿನೆಂಟ್ ಗವರ್ನರ್ ಜೂಡಿತ್ ಗಿಶಾನ್ ಒಪ್ಪದೆ, ಗ್ರೀನ್ ಪಕ್ಷದ ಮೂವರ ಬೆಂಬಲವಿದ್ದ ಎನ್‌ಡಿಪಿಯ ಜಾನ್ ಹೋರ್ಗನ್ ಅವರನ್ನು ಕರೆದರು. ಎರಡನೆಯ ಸ್ಥಾನದ ಪಕ್ಷ ಹೀಗೆ ಸರ್ಕಾರ ರಚಿಸಿತು. ಕೆನಡಾದಲ್ಲಿ ಚುನಾವಣೆಗೆ ಮುಂಚೆ ಕೂಟ ಕಟ್ಟುವುದು ನಮ್ಮ ಎಲ್‌ಡಿಎಫ್, ಯುಡಿಎಫ್‌ಗಳಂತೆ ರೂಢಿಯಲ್ಲಿಲ್ಲ. ಬಹುಮತವಿಲ್ಲದ ಪಕ್ಷ ಸಂಪುಟವನ್ನು ಹಂಚಿಕೊಳ್ಳದೆಯೇ, ವಿಶ್ವಾಸಮತದಲ್ಲಿ ಬೆಂಬಲ ಎಂಬ ಒಪ್ಪಂದದ ಮೇಲೆ ಆಡಳಿತ ನಡೆಸುವುದು ಅಲ್ಲಿ ಹೆಚ್ಚು ಸಹಜ. 2024ರಲ್ಲಿ 47 ಸಿಕ್ಕರೂ ಎನ್‌ಡಿಪಿ ಡಿಸೆಂಬರಿನಲ್ಲಿ ಗ್ರೀನ್ ಪಕ್ಷದೊಂದಿಗೆ ಇಂಥದೊಂದು ಒಪ್ಪಂದಕ್ಕೆ ಬಂತು. ತನ್ನವರಲ್ಲೊಬ್ಬರು ಸ್ಪೀಕರ್ ಆದರೆ ಉಳಿಯುವುದು 46ಕ್ಕೆ 46. ಸ್ಪೀಕರರ ನಿರ್ಣಾಯಕ ಮತದ ಮೇಲೆ ನಾಲ್ಕು ವರ್ಷ ನಡೆಯುವುದು ಸುಲಭವಲ್ಲ.

ಮತದ ಪಾಲನ್ನೂ ಸ್ಥಾನವನ್ನೂ ಅಕ್ಕಪಕ್ಕ ಇಟ್ಟು ನೋಡಿ

ಅಡಿಕೆ ಮರದ ಬುಡಕ್ಕೆ ಹಾಯಿಸಿದ ನೀರಿಗೂ ತೋಟದಗಲ ಹರಡಿಹೋದ ನೀರಿಗೂ ಇರುವ ವ್ಯತ್ಯಾಸವೇ ಇಲ್ಲಿರುವುದು. ಕೊಡ ಎರಡರಲ್ಲಿಯೂ ಅಷ್ಟೇ. ಹೆಚ್ಚು ಮತ ಪಡೆದವರು ಗೆದ್ದರು ಎಂಬ ನಮ್ಮ ಪದ್ಧತಿಯನ್ನೇ ಕೆನಡಾದ ಪ್ರಾಂತ್ಯಗಳೂ ಅನುಸರಿಸುವುದರಿಂದ, ಮತ ಎಷ್ಟು ಎಂಬುದರಷ್ಟೇ ಮತದಾರರು ಎಲ್ಲಿ ವಾಸಿಸುತ್ತಾರೆ ಎಂಬುದೂ ಮುಖ್ಯವಾಗುತ್ತದೆ.

ಕ್ವಿಬೆಕ್‌ನ 2022ರ ಅಕ್ಟೋಬರ್ 3ರ ಫಲಿತಾಂಶಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಸಿಎಕ್ಯೂ ಶೇ. 41ರಷ್ಟು ಮತಗಳಿಂದ 125ರಲ್ಲಿ 90 ಸ್ಥಾನ ಪಡೆಯಿತು. ಅದರ ಕೆಳಗಿನ ಮೂರು ಪಕ್ಷಗಳ ಮತಗಳು ಬಹುತೇಕ ಸಮ: ಕ್ವಿಬೆಕ್ ಸಾಲಿಡೇರ್‌ಗೆ ಶೇ. 15.4, ಪಾರ್ಟಿ ಕ್ವಿಬೆಕ್ವಾಗೆ ಶೇ. 14.6, ಲಿಬರಲ್‌ಗಳಿಗೆ ಶೇ. 14.4. ಸ್ಥಾನಗಳು ಕ್ರಮವಾಗಿ 11, 3, 21. ಮೂವರಲ್ಲಿ ಅತಿ ಕಡಿಮೆ ಮತ ಪಡೆದ ಲಿಬರಲ್‌ಗಳು ಅಧಿಕೃತ ವಿರೋಧ ಪಕ್ಷವಾದರು. ಏಕೆಂದರೆ ಅವರ ಮತದಾರರು ಮಾಂಟ್ರಿಯಲ್ ಸುತ್ತಿನ ಇಂಗ್ಲಿಷ್ ಹಾಗೂ ಇತರ ಭಾಷೆಗಳವರು ಹೆಚ್ಚಿರುವ ಕ್ಷೇತ್ರಗಳಲ್ಲಿ ಒತ್ತಾಗಿ ನೆಲೆಸಿದ್ದಾರೆ. ಶೇ. 12.9 ಮತ ಪಡೆದ ಕ್ವಿಬೆಕ್ ಕನ್ಸರ್ವೇಟಿವ್‌ಗಳಿಗೆ ಒಂದು ಸ್ಥಾನವೂ ಬರಲಿಲ್ಲ. 2021ರಲ್ಲಿ ಕೇರಳದಲ್ಲಿ ಶೇ. 11ಕ್ಕೂ ಹೆಚ್ಚು ಮತ ಪಡೆದ ಬಿಜೆಪಿಗೆ 140ರಲ್ಲಿ ಒಂದೂ ಸಿಗದಿದ್ದುದನ್ನು ಕಂಡ ನಮಗೆ ಇದು ಹೊಸದಲ್ಲ. ಒಂಟಾರಿಯೋದಲ್ಲಿ 2025ರಲ್ಲಿ ಸುಮಾರು ಶೇ. 30 ಮತ ಪಡೆದ ಲಿಬರಲ್‌ಗಳಿಗೆ 14 ಸ್ಥಾನ, ಶೇ. 19ರ ಹತ್ತಿರದ ಎನ್‌ಡಿಪಿಗೆ 27.

ಮತದಾನದ ಪ್ರಮಾಣವನ್ನು ನೋಡಲು ಮರೆಯಬೇಡಿ. ಒಂಟಾರಿಯೋದಲ್ಲಿ 2022ರಲ್ಲಿ ಶೇ. 44ರಷ್ಟು ಮಂದಿ ಮಾತ್ರ ಮತ ಹಾಕಿದರು. ಪ್ರೀಮಿಯರ್ ಡಗ್ ಫೋರ್ಡ್ ಅವರ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಶೇ. 40.8 ಮತದಿಂದ 124ರಲ್ಲಿ 83 ಗೆದ್ದಿತು. ಲೆಕ್ಕ ಹಾಕಿದರೆ ನೂರು ಮತದಾರರಲ್ಲಿ ಸುಮಾರು 18 ಮಂದಿಯ ಬೆಂಬಲ. ಮುಕ್ಕಾಲು ಪಾಲು ಜನ ಮತಗಟ್ಟೆಗೆ ಹೋಗುವ ಕೇರಳದಿಂದ ಇದನ್ನು ನೋಡುವಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಭಾಷಾ ಅಲ್ಪಸಂಖ್ಯಾತರ ಕ್ಷೇತ್ರಗಳನ್ನು ಹುಡುಕಿ ಓದಿ

ಕಾಸರಗೋಡಿನ ಕನ್ನಡಿಗನಾಗಿ ನಾನು ಈ ಬರಹಕ್ಕೆ ಕೈಹಾಕಲು ಮುಖ್ಯ ಕಾರಣ ಇದು. ನೋವಾ ಸ್ಕೋಷಿಯಾ ಇಂಗ್ಲಿಷ್ ಮಾತನಾಡುವ ಪ್ರಾಂತ್ಯ. ಅದರ ಕೆಲವು ಕರಾವಳಿ ಊರುಗಳಲ್ಲಿ ಅಕೇಡಿಯನ್ನರು ಎಂಬ ಫ್ರೆಂಚ್ ಭಾಷಿಕರು ತಲೆಮಾರುಗಳಿಂದ ಇದ್ದಾರೆ. ಅವರ ಧ್ವನಿ ಸದನಕ್ಕೆ ತಲುಪಲೆಂದು ಕ್ಲೇರ್, ಆರ್ಗೈಲ್, ರಿಚ್ಮಂಡ್ ಎಂಬ ಮೂರು ಕ್ಷೇತ್ರಗಳನ್ನೂ ಆಫ್ರಿಕನ್ ಮೂಲದವರಿಗಾಗಿ ಪ್ರೆಸ್ಟನ್ ಕ್ಷೇತ್ರವನ್ನೂ, ಜನಸಂಖ್ಯೆ ಕಡಿಮೆಯಿದ್ದರೂ ಪ್ರತ್ಯೇಕವಾಗಿ ಉಳಿಸಿಕೊಳ್ಳಲಾಗಿತ್ತು. ಇದು ಮೀಸಲು ಕ್ಷೇತ್ರವಲ್ಲ, ಯಾರು ಬೇಕಾದರೂ ಸ್ಪರ್ಧಿಸಬಹುದು. ಗಡಿಯನ್ನು ಮಾತ್ರ ಭಾಷೆಯವರ ನೆಲೆಗೆ ಹೊಂದಿಸಿ ಎಳೆಯಲಾಗಿತ್ತು. 2012ರಲ್ಲಿ ಮತದಾರರ ಸಂಖ್ಯೆ ಸಮವಾಗಿರಬೇಕೆಂದು ಸರ್ಕಾರ ಪಟ್ಟುಹಿಡಿದು, ಈ ಕ್ಷೇತ್ರಗಳನ್ನು ಉಳಿಸಬೇಕೆಂದಿದ್ದ ಗಡಿ ಆಯೋಗದ ಮಧ್ಯಂತರ ವರದಿಯನ್ನು ತಿರಸ್ಕರಿಸಿತು. ಕ್ಲೇರ್ ಡಿಗ್ಬಿಯೊಂದಿಗೆ, ಆರ್ಗೈಲ್ ಬ್ಯಾರಿಂಗ್ಟನ್‌ನೊಂದಿಗೆ ಸೇರಿಹೋದವು. ಅಕೇಡಿಯನ್ನರು ಸುಮ್ಮನಿರಲಿಲ್ಲ. ಪ್ರಕರಣ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಿ, 2017ರ ಜನವರಿಯಲ್ಲಿ ಆ ಗಡಿಗಳು ಸಂವಿಧಾನದ ಹಕ್ಕುಗಳ ಸನ್ನದು ನೀಡಿದ ಮತದಾನದ ಹಕ್ಕಿಗೆ ವಿರುದ್ಧವೆಂಬ ತೀರ್ಪು ಬಂತು. 2021ರ ಆಗಸ್ಟ್ 17ರ ಚುನಾವಣೆಯ ಹೊತ್ತಿಗೆ ನಾಲ್ಕೂ ಕ್ಷೇತ್ರಗಳು ಮರಳಿ ಬಂದವು, ಸದನದ ಸ್ಥಾನಗಳು 51ರಿಂದ 55 ಆದವು.

ನಮ್ಮ ಕ್ಷೇತ್ರ ಪುನರ್ವಿಂಗಡಣೆಯ ಕಾನೂನು ಜನಸಂಖ್ಯೆಯ ಜೊತೆಗೆ ಭೂಲಕ್ಷಣ, ಆಡಳಿತದ ಗಡಿ, ಸಂಪರ್ಕ, ಜನರ ಅನುಕೂಲ ಇವನ್ನು ಪರಿಗಣಿಸಲು ಹೇಳುತ್ತದೆ. ಭಾಷೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಕನ್ನಡ ಶಾಲೆ, ಕನ್ನಡದಲ್ಲಿ ಸರ್ಕಾರಿ ಅರ್ಜಿ ನಮೂನೆ, ಕನ್ನಡ ಬಲ್ಲ ಅಧಿಕಾರಿ ಎಂದು ವರ್ಷಗಳಿಂದ ಕೇಳುತ್ತಿರುವ ನಾವು, ಅಷ್ಟು ದೂರದ ಸಣ್ಣ ಸಮುದಾಯವೊಂದು ಕ್ಷೇತ್ರದ ಗಡಿಯ ಪ್ರಶ್ನೆಯನ್ನೇ ನ್ಯಾಯಾಲಯಕ್ಕೆ ಒಯ್ದು ಗೆದ್ದುದನ್ನು ತಿಳಿದಿರಬೇಕು. ಪ್ರಾಂತ್ಯದ ಮೊತ್ತದಲ್ಲಿ ಈ ಸಮುದಾಯ ಕಾಣಿಸುವುದಿಲ್ಲ. ಕ್ಷೇತ್ರವಾರು ಸಾಲುಗಳಲ್ಲಿ ಕಾಣಿಸುತ್ತದೆ. ನ್ಯೂ ಬ್ರನ್ಸ್‌ವಿಕ್‌ನ ಫಲಿತಾಂಶವನ್ನೂ ಹೀಗೆಯೇ ಓದಬೇಕು. ಕೆನಡಾದಲ್ಲಿ ಸಂವಿಧಾನದತ್ತವಾಗಿ ದ್ವಿಭಾಷೆಯ ಪ್ರಾಂತ್ಯ ಅದೊಂದೇ. 2018ರಲ್ಲಿ ಅಲ್ಲಿ ಲಿಬರಲ್‌ಗಳಿಗೆ ಸುಮಾರು ಶೇ. 38, ಪ್ರೊಗ್ರೆಸಿವ್ ಕನ್ಸರ್ವೇಟಿವ್‌ಗಳಿಗೆ ಸುಮಾರು ಶೇ. 32 ಮತ ಬಂದವು. ಸ್ಥಾನಗಳು 21 ಮತ್ತು 22. ಲಿಬರಲ್ ಮತಗಳು ಫ್ರೆಂಚ್ ಭಾಷಿಕರ ಉತ್ತರದ ಕ್ಷೇತ್ರಗಳಲ್ಲಿ ಭಾರಿ ಅಂತರಗಳಾಗಿ ರಾಶಿಬಿದ್ದುದೇ ಇದಕ್ಕೆ ಕಾರಣ. ಕ್ವಿಬೆಕ್‌ನಲ್ಲಿ ಒತ್ತಾಗಿ ನೆಲೆಸಿದ್ದು ಲಿಬರಲ್‌ಗಳಿಗೆ ಲಾಭವಾದರೆ, ಇಲ್ಲಿ ಅದೇ ನಷ್ಟವಾಯಿತು.

ನೋವಾ ಸ್ಕೋಷಿಯಾದ ಮುಂದಿನ ಚುನಾವಣೆ ಬಂದಾಗ ಕಾಗದದ ಮೇಲ್ತುದಿಯಲ್ಲಿ ಸದನದ ಒಟ್ಟು ಸ್ಥಾನಗಳನ್ನೂ ಬಹುಮತದ ಅಂಕಿಯನ್ನೂ ಬರೆಯಿರಿ. ಈಗಿನ 55 ಹಾಗೆಯೇ ಇದ್ದರೆ ಅದು 28. ಕೆಳಗೆ ಕ್ಲೇರ್, ಆರ್ಗೈಲ್, ರಿಚ್ಮಂಡ್ ಎಂದು ಮೂರು ಸಾಲು ಬಿಡಿ. 2024ರ ನವೆಂಬರ್ 26ರಂದು ಅಲ್ಲಿ ರಾತ್ರಿ 8ಕ್ಕೆ ಮತದಾನ ಮುಗಿದಾಗ ನಮ್ಮಲ್ಲಿ ಮರುದಿನ ಮುಂಜಾನೆ 5.30, ಬೇಸಿಗೆಯಲ್ಲಾದರೆ 4.30. ಆ ಹೊತ್ತಿಗೆ ಎದ್ದು ಕುಳಿತರೆ ಆ ಮೂರು ಸಾಲುಗಳಿಗೆ ಬರುವ ಮೊದಲ ಮತಗಳನ್ನೇ ಬರೆದುಕೊಳ್ಳಬಹುದು.